ಬಾಯ್ಲರ್ ತೆಗೆಸಿ ನೆಲ ಬಿಸಿ ಮಾಡಿಸುವ ಮುನ್ನ

ಬಾಸ್ಟನ್ ಸುತ್ತಮುತ್ತ ನೂರು ವರ್ಷದ ಮರದ ಮನೆ ಕೊಂಡ ಕನ್ನಡಿಗರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಬೇಸ್‌ಮೆಂಟಿನ ಹಳೇ ಆಯಿಲ್ ಬಾಯ್ಲರ್ ಕಿತ್ತು ನೆಲದಡಿ ಹೀಟಿಂಗ್ ಹಾಕಿಸಿದರೆ ಎಷ್ಟಾಗುತ್ತೆ?" ಮನೆಯೊಳಗೆ ಬರಿಗಾಲಲ್ಲಿ ಓಡಾಡುವವರು ನಾವು, ಆಸೆ ಸಹಜವೇ. ಆದರೆ ನೆಲದ ಪೈಪು ಬರುವುದು ಬಿಸಿನೀರಿನಿಂದ ಕೋಣೆ ಕಾಯಿಸುವ ರೇಡಿಯೇಟರಿನ ಜಾಗಕ್ಕೆ, ಬಾಯ್ಲರಿನ ಜಾಗಕ್ಕಲ್ಲ. ನೀರು ಕಾಯಿಸಲು ಏನಾದರೊಂದು ಬೇಕೇ ಬೇಕು.

ಹಳೆಯ ರೇಡಿಯೇಟರಿಗೆ 70–80 ಡಿಗ್ರಿ ಸೆಲ್ಸಿಯಸ್ ನೀರು ಹೋಗುತ್ತದೆ. ನೆಲಕ್ಕೆ ಸಾಮಾನ್ಯವಾಗಿ 35–50 ಸಾಕು. ಹಾಗಂತ ಹಳೇ ಬಾಯ್ಲರಿಗೇ ನೇರವಾಗಿ ಪೈಪು ಜೋಡಿಸುವಂತಿಲ್ಲ. ತಣ್ಣನೆಯ ನೀರು ವಾಪಸ್ ಬಂದರೆ ಹೊಗೆಯಲ್ಲಿರುವ ಆವಿ ಒಳಗೇ ನೀರಾಗುತ್ತದೆ. ಆ ಆಮ್ಲದ ನೀರು ಎರಕದ ಕಬ್ಬಿಣವನ್ನು ತಿನ್ನುತ್ತದೆ. ಆ ಆವಿಯನ್ನು ನೀರಾಗಿಸಿ ಅದರ ಬಿಸಿಯನ್ನೂ ಬಳಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರಿಗಾದರೆ ಅದೇ ಬೇಕು: ವಾಪಸ್ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದರ ಪೂರ್ತಿ ಲಾಭ. ಹೊರಗಿನ ಬಿಸಿಯನ್ನು ಕರೆಂಟಿನಿಂದ ಒಳಗೆಳೆದು ನೀರು ಕಾಯಿಸುವ ಹೀಟ್ ಪಂಪಿಗೂ ಅಷ್ಟೇ, ನೀರಿನ ಬಿಸಿ ಕಡಿಮೆಯಾದಷ್ಟೂ ಕರೆಂಟು ಉಳಿಯುತ್ತದೆ.

ನಾನು ಮೊದಲು ನೋಡುವುದು ಬಾಯ್ಲರನ್ನಲ್ಲ, ಅಟ್ಟ ಮತ್ತು ಕಿಟಕಿಗಳನ್ನು. ಕಾಲಿಗೆ ಹಿತವಾಗಿರಬೇಕಾದರೆ ನೆಲ 29 ಡಿಗ್ರಿ ದಾಟಬಾರದು. ಕೋಣೆ 20 ಡಿಗ್ರಿ ಇದ್ದಾಗ ಅಂಥ ನೆಲ ಚದರ ಮೀಟರಿಗೆ ಸುಮಾರು 100 ವಾಟ್ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಕೇಳಬೇಡಿ. ಮಂಚ, ಸೋಫಾ, ದಪ್ಪ ಕಾರ್ಪೆಟ್ ಇರುವ ಕಡೆ ಇನ್ನೂ ಕಡಿಮೆ. ಗೋಡೆಯಲ್ಲಿ ಬಿಸಿ ಸೋರದಂತೆ ತಡೆಯುವ ಇನ್ಸುಲೇಷನ್ ಇಲ್ಲದ, ಒಂಟಿ ಗಾಜಿನ ಕಿಟಕಿಗಳ ಕೋಣೆಗೆ ಕಡುಚಳಿಯ ರಾತ್ರಿ ಅದು ಸಾಲದೇ ಹೋಗಬಹುದು. ಹಾಗಾಗಿ ಎಷ್ಟು ಬಿಸಿ ಬೇಕು ಅನ್ನುವ ಲೆಕ್ಕ ಕೋಣೆ ಕೋಣೆಗೂ ಆಗಲೇಬೇಕು. ಹಳೇ ಬಾಯ್ಲರಿನ ಲೇಬಲ್ ನೋಡಿ 'ಇಷ್ಟೇ ದೊಡ್ಡದು ಹಾಕೋಣ' ಅನ್ನುವ ಕಂಟ್ರಾಕ್ಟರಿಗೆ ಚಹಾ ಕೊಟ್ಟು ಕಳಿಸಿಬಿಡಿ.

ನೆಲಮಹಡಿಗೆ ಬೇಸ್‌ಮೆಂಟಿನ ಸೂರಿನಿಂದಲೇ ಕೆಲಸ ಮಾಡಬಹುದು, ಓಕ್ ಹಲಗೆ ಕೀಳಬೇಕಿಲ್ಲ. ತೊಲೆಗಳ ನಡುವೆ ಅಲ್ಯೂಮಿನಿಯಂ ಪ್ಲೇಟು, ಅದರೊಳಗೆ ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಪೈಪು, ಕೆಳಗೆ ಇನ್ಸುಲೇಷನ್. ಪ್ಲೇಟಿಲ್ಲದೆ ಪೈಪನ್ನು ಸುಮ್ನೆ ಪಿನ್ ಹೊಡೆದು ಬಿಡುವುದು ನನಗೆ ಇಷ್ಟವಿಲ್ಲ, ಬಿಸಿ ಸರಿಯಾಗಿ ಹರಡುವುದಿಲ್ಲ. ಪೈಪಿಗೆ ಆಕ್ಸಿಜನ್ ತಡೆಯುವ ಪದರ ಇರಲಿ. ಇಲ್ಲದಿದ್ದರೆ ಪಂಪಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೇಲ್ಮಹಡಿಯಲ್ಲಿ ಹಳೇ ರೇಡಿಯೇಟರನ್ನೇ ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು.

ಯಾರೂ ಯೋಚಿಸದ ವಿಷಯ ಚಿಮಣಿ. ಎಷ್ಟೋ ಮನೆಗಳಲ್ಲಿ ಬಾಯ್ಲರಿನ ಜೊತೆ ಸ್ನಾನದ ನೀರಿನ ಗ್ಯಾಸ್ ಹೀಟರಿನ ಹೊಗೆಯೂ ಅದೇ ಚಿಮಣಿಯಲ್ಲಿ ಹೋಗುತ್ತಿರುತ್ತದೆ. ಬಾಯ್ಲರ್ ಹೋದ ಮೇಲೆ ಆ ಪುಟ್ಟ ಹೀಟರಿಗೆ ಚಿಮಣಿ ತೀರಾ ದೊಡ್ಡದಾಗುತ್ತದೆ, ಬಿಸಿಯಾಗುವುದೇ ಇಲ್ಲ. ಒಳಗೆ ನೀರು ಕಟ್ಟಿ ಇಟ್ಟಿಗೆಯ ಗಾರೆ ಉದುರುತ್ತದೆ. ಹೊಗೆಯನ್ನು ಮೇಲಕ್ಕೆಳೆಯುವ ಎಳೆತ ಸಾಲದೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೇ ಬರಬಹುದು. ಚಿಮಣಿಯೊಳಗೆ ಸಣ್ಣ ಲೈನರ್, ಅಂದರೆ ಒಳಕೊಳವೆ, ಇಳಿಸಬೇಕು, ಇಲ್ಲವೇ ಹೀಟರನ್ನೂ ಬದಲಾಯಿಸಬೇಕು. ಇನ್ನು ಕೆಲವು ಮನೆಗಳಲ್ಲಿ ಸ್ನಾನದ ನೀರು ಬಾಯ್ಲರಿನಿಂದಲೇ ಬರುತ್ತಿರುತ್ತದೆ. ಅಲ್ಲಿ ಬೇರೆ ಹೀಟರ್ ಬೇಕಾಗುತ್ತದೆ ಅಲ್ವಾ? ಎಸ್ಟಿಮೇಟಿನಲ್ಲಿ ಈ ಎರಡೂ ಸಾಲು ಇವೆಯೇ ನೋಡಿಕೊಳ್ಳಿ.

ಕೆಲಸ ಮುಗಿದ ಮೇಲೆ ಥರ್ಮೋಸ್ಟಾಟ್ ರಾತ್ರಿ ಇಳಿಸಿ ಬೆಳಿಗ್ಗೆ ಏರಿಸುವ ಅಭ್ಯಾಸ ಬಿಡಿ. ನೆಲ ನಿಧಾನಕ್ಕೆ ಕಾಯುತ್ತದೆ. ಬದಲಿಗೆ ಹೊರಗಿನ ಚಳಿ ನೋಡಿ ನೀರಿನ ಬಿಸಿಯನ್ನು ತಾನೇ ಬದಲಿಸುವ ಕಂಟ್ರೋಲ್ ಹಾಕಿಸಿ.