ಗ್ರೇನ್: ಲೋಹದೊಳಗಿನ ಹೊಲ, ಲೋಹದೊಳಗಿನ ಬದು

ಮನೆಯಲ್ಲಿ ಹಳೆಯ ಜಿಂಕ್ ಬಕೆಟ್ ಇದ್ದರೆ ಬಿಸಿಲಿಗೆ ಹಿಡಿದು ನೋಡಿ. ಮೈಮೇಲೆ ಹೂವಿನಂಥ ತೇಪೆಗಳು, ಒಂದು ಮಿಂಚಿದರೆ ಪಕ್ಕದ್ದು ಮಂಕು. ಒಂದೊಂದು ತೇಪೆಯೂ ಸತುವಿನ ಒಂದು ಹರಳು. ಲೋಹಶಾಸ್ತ್ರದಲ್ಲಿ ಅದಕ್ಕೆ ಗ್ರೇನ್ ಎನ್ನುತ್ತಾರೆ. ಉಕ್ಕು, ಹಿತ್ತಾಳೆಗಳಲ್ಲೂ ಗ್ರೇನ್ ಇವೆ, ಆದರೆ ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಹೊಳಪು ಕೊಟ್ಟು, ಆಮ್ಲ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಕನ್ನಡದಲ್ಲಿ ‘ಕಾಳು’ ಎನ್ನಬಹುದು. ಆದರೆ ಚೀಲದ ತೊಗರಿಯಂತೆ ಇವು ಬಿಡಿಬಿಡಿ ಅಲ್ಲ. ನಮ್ಮ ಕಲಬುರಗಿ ಕಡೆಯ ಎರೆಹೊಲವೇ ನನಗೆ ಹೆಚ್ಚು ಒಪ್ಪುವ ಹೋಲಿಕೆ. ಒಂದು ಹೊಲದಲ್ಲಿ ಸಾಲುಗಳೆಲ್ಲ ಒಂದೇ ದಿಕ್ಕಿಗೆ. ಬದು ದಾಟಿದರೆ ಪಕ್ಕದವರ ಸಾಲು ಬೇರೆ ದಿಕ್ಕಿಗೆ. ಗ್ರೇನಿನೊಳಗೆ ಪರಮಾಣುಗಳ ಸಾಲೂ ಹೀಗೆಯೇ.

ಸಾಲಿನಲ್ಲಿ ಅಲ್ಲಲ್ಲಿ ತಪ್ಪುಗಳಿರುತ್ತವೆ, ಅವೇ ಡಿಸ್‌ಲೊಕೇಶನ್. ಲೋಹ ಬಾಗುವುದೆಂದರೆ ಈ ತಪ್ಪುಗಳು ಸಾಲುಗುಂಟ ಜಾರುವುದು ಎಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಹೇಳಿದರು. ಜಾರುತ್ತ ಬಂದದ್ದು ಬದುವಿಗೆ, ಅಂದರೆ ಗ್ರೇನಿನ ಗಡಿಗೆ, ಬಂದು ನಿಲ್ಲುತ್ತದೆ, ಯಾಕೆಂದರೆ ಆಚೆ ದಿಕ್ಕೇ ಬೇರೆ.

ಕೂಡಿದ ಜಾಗವೇ ಮೊದಲು ಬಿಚ್ಚುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಇಲ್ಲಿ ತಿರುವುಮುರುವು: ಗಟ್ಟಿತನ ಇರುವುದೇ ಕೂಡಿದ ಜಾಗದಲ್ಲಿ. ಇಳಿಜಾರಿನ ಹೊಲದಲ್ಲಿ ಮಳೆನೀರು ನೆನೆಸಿಕೊಳ್ಳಿ. ಹೊಲ ಉದ್ದವಾಗಿದ್ದರೆ ಕೆಳಗಿನ ಒಡ್ಡಿಗೆ ಅಷ್ಟೂ ನೀರು ಬಂದು ಒತ್ತಿ ಒಡ್ಡು ಒಡೆಯುತ್ತದೆ. ನಡುನಡುವೆ ಒಡ್ಡು ಹಾಕಿದರೆ ಯಾವ ಒಡ್ಡಿಗೂ ಅಷ್ಟು ಭಾರ ಬೀಳದು. ದೊಡ್ಡ ಗ್ರೇನಿನ ಗಡಿಯಲ್ಲಿ ಹೆಚ್ಚು ಡಿಸ್‌ಲೊಕೇಶನ್ ಸಾಲುಗಟ್ಟಿ ಒತ್ತುತ್ತವೆ, ಜಾರಿಕೆ ಆಚೆಗೂ ಬೇಗ ಹಬ್ಬುತ್ತದೆ. ಸಣ್ಣದರಲ್ಲಿ ಒತ್ತಡ ಕಡಿಮೆ. ಹಾಗಾಗಿ ಲೋಹ ಬಾಗಿಸಲು ಹೊರಗಿನಿಂದ ಹೆಚ್ಚು ಬಲ ಹಾಕಬೇಕು.

ಇದನ್ನು ಲೆಕ್ಕಕ್ಕೆ ತಂದವರು ಹಾಲ್ (1951) ಮತ್ತು ಪೆಚ್ (1953). ಗಡಿಗಳಿಂದ ಬರುವ ಬಲ ಗ್ರೇನ್ ಅಳತೆಯ ವರ್ಗಮೂಲಕ್ಕೆ ವಿಲೋಮ. ಮೆದು ಉಕ್ಕಿನಲ್ಲಿ ಗ್ರೇನ್ 100 ಮೈಕ್ರಾನಿನಿಂದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದೊಂದು ಪಾಲು) 25ಕ್ಕೆ ಇಳಿದರೆ ಆ ಬಲ ಸುಮಾರು 70 ಮೆಗಾಪಾಸ್ಕಲ್‌ನಿಂದ 140ಕ್ಕೆ ಏರುತ್ತದೆ. ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಉಕ್ಕಿಗೆ ಕಾರ್ಬನ್ ಹೆಚ್ಚಿಸಿದರೆ ಗಡಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಗ್ರೇನ್ ಸಣ್ಣದಾದರೆ ಗಟ್ಟಿತನವೂ ಏರುತ್ತದೆ, ಪೆಟ್ಟು ತಾಳುವ ಗುಣವೂ ಏರುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಉಪಾಯ ತೀರಾ ಅಪರೂಪ.

ಕುಡ ಹಣಿಯುವ ಕಂಬಾರರ ಕೈಯಲ್ಲಿ ಈ ವಿದ್ಯೆ ಮೊದಲಿನಿಂದಲೂ ಇದೆ. ಕೆಂಪಗೆ ಕಾದ ಕಬ್ಬಿಣಕ್ಕೆ ಸುತ್ತಿಗೆ ಬಿದ್ದಾಗ ಹಳೆಯ ಗ್ರೇನ್ ಚೂರಾಗಿ ಸಣ್ಣ ಹೊಸವು ಹುಟ್ಟುತ್ತವೆ. ಕುಲುಮೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ದೊಡ್ಡವು ಚಿಕ್ಕವನ್ನು ನುಂಗಿ ಬೆಳೆಯುತ್ತವೆ. ಅಂಥ ಕಬ್ಬಿಣ ಮುರಿದರೆ ಮುರಿದ ಮೈ ಸಕ್ಕರೆಯಂತೆ ಹರಳುಹರಳಾಗಿ ಮಿನುಗುತ್ತದೆ.

ನಿಯಮಕ್ಕೆ ಎಲ್ಲೆಯೂ ಉಂಟು. ಗ್ರೇನ್ ಹತ್ತಿಪ್ಪತ್ತು ನ್ಯಾನೊಮೀಟರಿಗಿಂತ (ಮೈಕ್ರಾನಿನ ಸಾವಿರದೊಂದು ಪಾಲು ಒಂದು ನ್ಯಾನೊಮೀಟರ್) ಸಣ್ಣದಾದರೆ ಗಡಿಗಳೇ ಜಾರತೊಡಗಿ ಲೋಹ ಮತ್ತೆ ಮೆತ್ತಗಾಗಬಹುದು. ಅತಿ ಬಿಸಿಯಲ್ಲೂ ಗಡಿಯೇ ದುರ್ಬಲ ಜಾಗ. ಅದಕ್ಕೇ ಜೆಟ್ ಎಂಜಿನ್ನಿನ ಕೆಲವು ಟರ್ಬೈನ್ ಬ್ಲೇಡುಗಳನ್ನು ಗಡಿಯೇ ಇಲ್ಲದ ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ.

ಡಿಪ್ಲೊಮಾ ಓದುವವರಿಗೆ ಒಂದು ಮಾತು. ಲ್ಯಾಬ್ ವರದಿಯಲ್ಲಿ ಬರುವ ‘ಗ್ರೇನ್ ಸೈಜ್ ನಂಬರ್’ ಅಳತೆಯಲ್ಲ, ಗೊತ್ತಾದಷ್ಟು ಜಾಗದಲ್ಲಿ ಎಷ್ಟು ಗ್ರೇನ್ ಇವೆ ಎಂಬ ಎಣಿಕೆಯಿಂದ ಬಂದದ್ದು; ನಂಬರ್ ದೊಡ್ಡದಾದಷ್ಟೂ ಗ್ರೇನ್ ಸಣ್ಣದು. ನಂಬರ್ 8 ಎಂದರೆ 5ಕ್ಕಿಂತ ಸಣ್ಣ ಗ್ರೇನ್.