ಬೆರಳಿನ ನೆನಪು, ಕಥೆಯ ನೆನಪು

ಹಾರ್ವರ್ಡ್ ವೈದ್ಯಕೀಯ ಶಾಲೆಯ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ವಿಚಿತ್ರ ವರದಿ ಪ್ರಕಟಿಸಿದರು. 27 ಜನರನ್ನು ಕೂರಿಸಿ ಮೂರು ದಿನಗಳಲ್ಲಿ ಒಟ್ಟು ಏಳು ಗಂಟೆ, ಬೀಳುವ ತುಂಡುಗಳನ್ನು ಸಂದಿಯಿಲ್ಲದೆ ಜೋಡಿಸುವ ಟೆಟ್ರಿಸ್ ಎಂಬ ವಿಡಿಯೋ ಗೇಮ್ ಆಡಿಸಿದ್ದರು. ರಾತ್ರಿ ನಿದ್ದೆ ಹತ್ತುವ ಹೊತ್ತಿನಲ್ಲಿ ‘ಈಗ ಮನಸ್ಸಿನಲ್ಲಿ ಏನು ಸುಳಿಯುತ್ತಿದೆ?’ ಎಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ದು ಒಂದೇ ಮಾತು: ಮೇಲಿಂದ ತುಂಡುಗಳು ಬೀಳುತ್ತಿವೆ, ತಿರುಗುತ್ತಿವೆ, ಸಂದಿಯಲ್ಲಿ ಹೋಗಿ ಕೂರುತ್ತಿವೆ. ದಿನವಿಡೀ ಅಡಿಕೆ ಸುಲಿದವರ ಕಣ್ಣಿಗೆ ಮಲಗಿದಾಗಲೂ ಅಡಿಕೆಯೇ ಕಾಣುವ ಹಾಗೆ. ಅದರಲ್ಲಿ ಅಂಥ ಸೋಜಿಗವೇನಿಲ್ಲ. ಸೋಜಿಗವಿದ್ದದ್ದು ಆ 27ರಲ್ಲಿ ಐವರ ವಿಷಯದಲ್ಲಿ. ಹೊಸ ನೆನಪನ್ನು ದಾಖಲಿಸುವ ಹಿಪೊಕ್ಯಾಂಪಸ್ ಇರುವ ಮೆದುಳಿನ ಭಾಗಕ್ಕೆ ಹಾನಿಯಾಗಿ, ಅವರಲ್ಲಿ ಹೊಸ ಘಟನೆಗಳ ನೆನಪು ನಿಲ್ಲುತ್ತಲೇ ಇರಲಿಲ್ಲ. ಟೆಟ್ರಿಸ್ ಎಂಬುದೊಂದನ್ನು ಆಡಿದ್ದೇ ಅವರಿಗೆ ಗೊತ್ತಿಲ್ಲ. ಆದರೂ ಐವರಲ್ಲಿ ಮೂವರು, ಕಣ್ಣೆವೆ ಭಾರವಾಗುತ್ತಿದ್ದಂತೆ, ಬೀಳುವ ತುಂಡುಗಳನ್ನು ಕಂಡರು.

ವಿಡಿಯೋ ಗೇಮಿನಲ್ಲಿ ಕಥೆ ಮುಖ್ಯವೋ ಗೇಮ್‌ಪ್ಲೇ ಮುಖ್ಯವೋ ಎಂಬ ಜಗಳ ಎದ್ದಾಗಲೆಲ್ಲ ನನಗೆ ಈ ಮೂವರು ನೆನಪಾಗುತ್ತಾರೆ. ಜಗಳ ಸಾಮಾನ್ಯವಾಗಿ ರುಚಿಯ ಮಾತಾಗಿ ನಡೆಯುತ್ತದೆ: ‘ನನಗೆ ಕಥೆ ಬೇಕು’, ‘ನನಗೆ ಕೈಗೆ ಕೆಲಸ ಬೇಕು, ಮಾತೆಲ್ಲ ಸ್ಕಿಪ್’. ಆದರೆ ಇವೆರಡೂ ನಮ್ಮೊಳಗೆ ಬೇರೆ ಬೇರೆ ಉಗ್ರಾಣಕ್ಕೆ ಹೋಗಿ ಸೇರುತ್ತವೆ, ಬೇರೆ ಬೇರೆ ವೇಗದಲ್ಲಿ ಖರ್ಚಾಗುತ್ತವೆ. ಅದನ್ನು ಹಿಡಿದರೆ ಜಗಳದ ಅರ್ಧ ಬಿಸಿ ಆರುತ್ತದೆ ಎಂದು ನನ್ನ ಅಂದಾಜು.

ಮೊದಲು ಜಗಳದ ಹಿನ್ನೆಲೆ, ಚುಟುಕಾಗಿ. 1993ರ ‘ಡೂಮ್’ ಎಂಬ ಬಂದೂಕಿನ ಗೇಮ್ ತಯಾರಾಗುವಾಗ ತಂಡದ ಟಾಮ್ ಹಾಲ್ ಪಾತ್ರ, ಲೋಕ, ಹಿನ್ನೆಲೆ ಎಲ್ಲ ಸೇರಿಸಿ ದೊಡ್ಡ ಕಥಾದಸ್ತಾವೇಜನ್ನೇ ಬರೆದಿದ್ದರು. ತಂಡದ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್‌ಗೆ ಅದು ಬೇಡವಾಗಿತ್ತು. ನೀಲಿಚಿತ್ರಕ್ಕೆ ಕಥೆ ಎಷ್ಟು ಮುಖ್ಯವೋ ಗೇಮಿಗೂ ಅಷ್ಟೇ, ಇರಬೇಕೆಂದು ಜನ ಬಯಸುತ್ತಾರೆ, ಆದರೆ ಅದೇನೂ ಮುಖ್ಯವಲ್ಲ ಎಂಬರ್ಥದ ಅವರ ಮಾತು ಗೇಮ್ ಲೋಕದಲ್ಲಿ ಗಾದೆಯಷ್ಟೇ ಪ್ರಸಿದ್ಧ. ಹಾಲ್ ಅದೇ ವರ್ಷ ಕಂಪನಿ ಬಿಟ್ಟರು. ಡೂಮ್ ಹೆಚ್ಚುಕಡಿಮೆ ಕಥೆಯಿಲ್ಲದೆಯೇ ಹೊರಬಂದು ಲೋಕ ಗೆದ್ದಿತು. ಐದು ವರ್ಷದ ನಂತರ ಅದೇ ಬಂದೂಕಿನ ಗೇಮುಗಳ ಸಾಲಿನಲ್ಲಿ ‘ಹಾಫ್-ಲೈಫ್’ ಬಂತು. ಕಾದಂಬರಿಕಾರ ಮಾರ್ಕ್ ಲೇಡ್ಲಾ ಅದಕ್ಕೆ ಬರೆದರು. ಆಟಗಾರನ ಕೈಯಿಂದ ಹಿಡಿತ ಕಸಿಯದೆ, ಸಿನಿಮಾ ತುಣುಕುಗಳಿಲ್ಲದೆ, ನಡೆಯುತ್ತ ನಡೆಯುತ್ತಲೇ ಕಥೆ ಬಿಚ್ಚಿಕೊಳ್ಳುವಂತೆ ಅದನ್ನು ಕಟ್ಟಿದ್ದರು. ಅದೂ ಲೋಕ ಗೆದ್ದಿತು. ಹಾಗಾಗಿ ಮಾರಾಟದ ಲೆಕ್ಕ ಇಟ್ಟುಕೊಂಡು ಈ ವಾದ ಬಗೆಹರಿಯುವುದಿಲ್ಲ.

ಪಂಡಿತರ ನಡುವೆ ಇದು ಇನ್ನೂ ಖಾರವಾಗಿ ನಡೆಯಿತು. ಜಾನೆಟ್ ಮರ್ರೆ 1997ರಲ್ಲಿ ಟೆಟ್ರಿಸ್‌ನಲ್ಲೂ ಒಂದು ಕಥೆ ಕಂಡರು: ಮೇಲಿಂದ ಮೇಲೆ ಬಂದು ಬೀಳುವ ಕೆಲಸಗಳನ್ನು ಹೇಗೋ ಹೊಂದಿಸುತ್ತ, ತೆರವು ಮಾಡುತ್ತ, ಮುಂದಿನದಕ್ಕೆ ಜಾಗ ಮಾಡಿಕೊಡುತ್ತ ಬದುಕುವ ಅಮೆರಿಕನ್ನರ ದಿನಚರಿ. ಫಿನ್‌ಲೆಂಡಿನ ಮಾರ್ಕು ಎಸ್ಕೆಲಿನೆನ್ 2001ರಲ್ಲಿ ಇದಕ್ಕೆ ಕೆಂಡವಾದರು. ನಾನು ನಿಮ್ಮತ್ತ ಚೆಂಡೆಸೆದರೆ ನೀವು ಅದನ್ನು ಹಿಡಿಯದೆ ಕೆಳಗೆ ಬಿಟ್ಟು, ಅದು ಕಥೆ ಹೇಳಲೆಂದು ಕಾಯುತ್ತ ಕೂರುವುದಿಲ್ಲವಲ್ಲ ಎನ್ನುವುದು ಅವರ ಪೆಟ್ಟು. ಹಾಸ್ಯಕ್ಕೆ ಅಂಕ ಎಸ್ಕೆಲಿನೆನ್‌ಗೇ. ಆದರೆ ಮರ್ರೆ ಹೇಳಿದ್ದು ಹುರುಳಿಲ್ಲದ ಮಾತಲ್ಲ. ಅದಕ್ಕೆ ಆಮೇಲೆ ಬರೋಣ.

ಬೆರಳಿನ ಸಂಗತಿ ಮೊದಲು. 1953ರಲ್ಲಿ ಮೂರ್ಛೆರೋಗಕ್ಕೆಂದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಹೆನ್ರಿ ಮೊಲೈಸನ್ ಎಂಬವರು ಎರಡೂ ಬದಿಯ ಹಿಪೊಕ್ಯಾಂಪಸ್‌ನ ಹೆಚ್ಚಿನ ಭಾಗ ಕಳೆದುಕೊಂಡರು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೊಲೈಸನ್‌ಗೆ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತ, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ನಕ್ಷತ್ರ ಬರೆಯುವುದು. ಮೂರು ದಿನ ಅಭ್ಯಾಸ ನಡೆಯಿತು. ಪ್ರತಿ ದಿನವೂ ಮೊಲೈಸನ್‌ಗೆ ಅದು ಹೊಚ್ಚಹೊಸ ಕೆಲಸ. ಹಿಂದೆ ಮಾಡಿದ ನೆನಪೇ ಇಲ್ಲ. ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತ ಹೋಯಿತು. ‘ಏನು ನಡೆಯಿತು’ ಎಂಬ ನೆನಪು ಬೇರೆ, ‘ಹೇಗೆ ಮಾಡುವುದು’ ಎಂಬ ನೆನಪು ಬೇರೆ ಎಂದು ವಿಜ್ಞಾನ ಕಲಿತದ್ದು ಹೀಗೆ. ಹೇಗೆ ಮಾಡುವುದು ಎಂಬುದನ್ನು ಮೆದುಳಿನ ತಳದ ಸ್ಟ್ರಯೇಟಮ್, ಹಿಂಬದಿಯ ಸೆರಿಬೆಲ್ಲಮ್ ಮುಂತಾದ ಭಾಗಗಳು ನಿಧಾನಕ್ಕೆ, ಮಾಡಿ ಮಾಡಿಯೇ ಗಟ್ಟಿಮಾಡಿಕೊಳ್ಳುತ್ತವೆ.

ಗೇಮ್‌ಪ್ಲೇ ಎನ್ನುವುದು ಬಹುಪಾಲು ಈ ಎರಡನೆಯ ಉಗ್ರಾಣದ ಸರಕು. ನಿಧಾನವಾಗಿ ತುಂಬುತ್ತದೆ, ಹಾಗಾಗಿ ಬೇಗ ಬೇಸರ ತರಿಸುವುದಿಲ್ಲ. ಕ್ಯಾಲಿಫೋರ್ನಿಯಾದ ರಿಚರ್ಡ್ ಹೈಯರ್ ತಂಡ 1992ರಲ್ಲಿ ಟೆಟ್ರಿಸ್ ಕಲಿಯುವವರ ಮೆದುಳು ಎಷ್ಟು ಗ್ಲೂಕೋಸ್ ಸುಡುತ್ತದೆ ಎಂದು ಅಳೆಯಿತು. ನಾಲ್ಕರಿಂದ ಎಂಟು ವಾರದ ದಿನನಿತ್ಯದ ಅಭ್ಯಾಸದ ನಂತರ ಅಂಕ ಏಳು ಪಟ್ಟಿಗೂ ಮಿಕ್ಕಿ ಏರಿತ್ತು. ಮೆದುಳಿನ ಹೊರಪದರದ ಖರ್ಚು ಮಾತ್ರ ಇಳಿದಿತ್ತು. ಕಲಿತ ಮೆದುಳು ಕಡಿಮೆ ದುಡಿಯುತ್ತದೆ. ಗೇಮ್ ಸಪ್ಪೆಯಾಗುವುದೂ ಇದೇ ತಿರುವಿನಲ್ಲಿ: ಕಲಿಯಲು ಇನ್ನೇನೂ ಉಳಿದಿಲ್ಲವೆಂದಾಗ. ಟೆಟ್ರಿಸ್ ಇದಕ್ಕೆ ಮದ್ದು ಕಂಡುಕೊಂಡಿದೆ, ವೇಗ ಏರಿಸುತ್ತಲೇ ಹೋಗುತ್ತದೆ. ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ಮಾಸ್ಕೋದಲ್ಲಿ ಅದನ್ನು ಬರೆದ ಯಂತ್ರಕ್ಕೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ತುಂಡುಗಳನ್ನು ಮಾಡಿದ್ದರು. ಕಥೆಯಿಲ್ಲ, ಬಣ್ಣವಿಲ್ಲ, ನಾಯಕನಿಲ್ಲ. ಆದರೂ ನಲವತ್ತು ವರ್ಷ ದಾಟಿದ ಮೇಲೂ ಅದನ್ನು ಜನ ಆಡುತ್ತಿದ್ದಾರೆ.

‘ಕೈಗೆ ಹಿತವಾಗಿದೆ’ ಎಂದು ಆಟಗಾರರು ಹೇಳುವುದರ ಹಿಂದೆ ಎಷ್ಟು ಲೆಕ್ಕಾಚಾರ ಇದೆ ಎಂದು ನೋಡಬೇಕಾದರೆ 2018ರ ‘ಸೆಲೆಸ್ಟ್’ ನೋಡಬೇಕು. ಮ್ಯಾಡೆಲಿನ್ ಎಂಬ ಹುಡುಗಿ ಬೆಟ್ಟ ಹತ್ತುವ ಗೇಮದು. ಮಹಾ ಕಷ್ಟ, ನೂರಾರು ಸಲ ಸಾಯುತ್ತೀರಿ. ಆದರೂ ಅನ್ಯಾಯವಾಯಿತು ಅನಿಸುವುದಿಲ್ಲ. ಯಾಕೆಂದರೆ ಗೇಮ್ ನಿಮ್ಮ ಪರವಾಗಿ ಗುಟ್ಟಾಗಿ ಮೋಸ ಮಾಡುತ್ತಿದೆ. ಹಲಗೆಯ ಅಂಚು ದಾಟಿ ಗಾಳಿಯಲ್ಲಿ ಕಾಲಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ನೆಗೆತದ ಬಟನ್ ಒತ್ತಬಹುದು. ನೆಲದ ಮೇಲಿಂದಲೇ ನೆಗೆದಂತೆ ಅದು ಒಪ್ಪಿಕೊಳ್ಳುತ್ತದೆ. ನೆಲ ತಾಗುವ ಸ್ವಲ್ಪ ಮೊದಲೇ ಅವಸರಪಟ್ಟು ಒತ್ತಿದಿರೋ, ನೆನಪಿಟ್ಟುಕೊಂಡು ತಾಗಿದೊಡನೆ ನೆಗೆಸುತ್ತದೆ. ತಲೆ ಮೂಲೆಗೆ ತುಸುವೇ ಬಡಿಯುವಂತಿದ್ದರೆ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ. ತಯಾರಕರೇ ಇವನ್ನೆಲ್ಲ ಬಹಿರಂಗವಾಗಿ ವಿವರಿಸಿದ್ದಾರೆ. ಆಡುವವರಿಗೆ ಕಾಣುವುದು ಇಷ್ಟೇ: ನಾನು ಅಂದುಕೊಂಡೆ, ಅದು ಆಯಿತು.

ಈ ‘ಅಂದುಕೊಂಡೆ, ಆಯಿತು’ ಎಂಬ ಭಾವನೆಯನ್ನು ಪ್ರಯೋಗಾಲಯದಲ್ಲೂ ಅಳೆಯಬಹುದು. ಲಂಡನ್ನಿನ ಪ್ಯಾಟ್ರಿಕ್ ಹ್ಯಾಗರ್ಡ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ್ದು ಇದು: ನಾವಾಗಿಯೇ ಬಟನ್ ಒತ್ತಿ, ಕಾಲು ಸೆಕೆಂಡಿನ ನಂತರ ಒಂದು ಶಬ್ದ ಕೇಳಿದರೆ, ಒತ್ತಿದ ಕ್ಷಣವೂ ಕೇಳಿದ ಕ್ಷಣವೂ ನಿಜಕ್ಕಿಂತ ಹತ್ತಿರವಿದ್ದಂತೆ ನಮಗೆ ಅನಿಸುತ್ತದೆ. ಹೊರಗಿನಿಂದ ಕಾಂತೀಯ ಪ್ರಚೋದನೆ ಕೊಟ್ಟು ಬೆರಳು ತಾನಾಗಿ ಅಲುಗುವಂತೆ ಮಾಡಿದರೆ ಆ ಅಂತರ ಹಾಗೆ ಕುಗ್ಗುವುದಿಲ್ಲ, ಬದಲಿಗೆ ಹಿಗ್ಗುತ್ತದೆ. ಮಾಡಿದ್ದು ನಾನೇ ಎಂಬುದಕ್ಕೆ ಮೆದುಳು ಕಾಲವನ್ನೇ ಮಡಚುತ್ತದೆ. ಎಂಥ ಒಳ್ಳೆಯ ಸಿನಿಮಾಗೂ ಇದು ಎಟುಕುವುದಿಲ್ಲ.

ಬಹುಮಾನ, ಪ್ರೇರಣೆಗಳಿಗೆ ಸಂಬಂಧಿಸಿದ ಮೆದುಳಿನ ರಾಸಾಯನಿಕ ಡೋಪಮೀನ್‌ನ ಮಾತು ಇಲ್ಲಿ ಬಂದೇ ಬರುತ್ತದೆ. ಗೇಮ್ ಆಡುವಾಗ ಸ್ಟ್ರಯೇಟಮ್‌ನಲ್ಲಿ ಡೋಪಮೀನ್ ಬಿಡುಗಡೆಯಾಗುತ್ತದೆಂದು 1998ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆಡಿದವರು ಎಂಟೇ ಮಂದಿ, ಮೇಲಾಗಿ ಗೆದ್ದ ಹಂತಕ್ಕಿಷ್ಟು ಎಂದು ಹಣವೂ ಸಿಗುತ್ತಿತ್ತು. ಅದರ ಮೇಲೆ ಕಟ್ಟಿದ ಗೋಪುರಗಳನ್ನು ನಾನಂತೂ ಪೂರ್ತಿ ನಂಬುವುದಿಲ್ಲ.

ಇನ್ನು ಕಥೆ. ಕಥೆಯನ್ನು ಗೇಮಿಗೆ ಲೇಖಕರು ಹೊರಗಿನಿಂದ ತಂದು ಸುರಿಯುತ್ತಾರೆ ಎಂದು ಕಾರ್ಮ್ಯಾಕ್ ಪಕ್ಷದವರು ಭಾವಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. 1944ರಲ್ಲಿ ಮನಶ್ಶಾಸ್ತ್ರಜ್ಞರಾದ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ನೆ ಸಿಮ್ಮೆಲ್ ಒಂದು ಪುಟ್ಟ ಅನಿಮೇಷನ್ ತೋರಿಸಿದರು. ದೊಡ್ಡ ತ್ರಿಕೋನ, ಚಿಕ್ಕ ತ್ರಿಕೋನ, ಒಂದು ಚುಕ್ಕಿಯಂಥ ವೃತ್ತ, ಬಾಗಿಲಿರುವ ಒಂದು ಆಯತ, ಇಷ್ಟೇ. ನೋಡಿದ 34 ಜನರಲ್ಲಿ ಒಬ್ಬರು ಮಾತ್ರ ‘ತ್ರಿಕೋನ ಚಲಿಸಿತು, ಆಯತದೊಳಗೆ ಹೋಯಿತು’ ಎಂದು ರೇಖಾಗಣಿತದ ಮಾತಿನಲ್ಲಿ ಹೇಳಿದರು. ಉಳಿದವರೆಲ್ಲ ಬಹುಮಟ್ಟಿಗೆ ಜಗಳ, ಬೆನ್ನಟ್ಟುವಿಕೆ, ಹೆದರಿಕೆ, ಪುಂಡಾಟವನ್ನು ಕಂಡರು. ಮೆದುಳಿಗೆ ಚಲನೆ ತೋರಿಸಿದರೆ ಸಾಕು, ಉದ್ದೇಶವನ್ನು ತಾನೇ ಹಚ್ಚಿಕೊಳ್ಳುತ್ತದೆ. ಬ್ರಿಟನ್ನಿನ ಮೈಕ್ ಬಿಥೆಲ್ 2012ರಲ್ಲಿ ಹೊರತಂದ ‘ಥಾಮಸ್ ವಾಸ್ ಅಲೋನ್’ ಇದರ ಮೇಲೆಯೇ ನಿಂತಿದೆ. ಪಾತ್ರಗಳೆಲ್ಲ ಬರೀ ಆಯತಗಳು. ಒಂದಕ್ಕೆ ಎತ್ತರ ನೆಗೆಯಲು ಬರುತ್ತದೆ, ಇನ್ನೊಂದು ಕುಳ್ಳ, ಮತ್ತೊಂದು ನೀರಿನಲ್ಲಿ ತೇಲುತ್ತದೆ. ಹಿನ್ನೆಲೆಯ ದನಿ ಹೆಸರಿಟ್ಟು ನಾಲ್ಕು ಮಾತಾಡುತ್ತದೆ. ಅರ್ಧ ಗಂಟೆಯೊಳಗೆ ಕುಳ್ಳ ಆಯತದ ಮೇಲೆ ಕನಿಕರ ಹುಟ್ಟಿರುತ್ತದೆ. ಟೆಟ್ರಿಸ್‌ನಲ್ಲಿ ದಿನಚರಿ ಕಂಡ ಮರ್ರೆಯನ್ನು ನೋಡಿ ಆದ್ದರಿಂದಲೇ ನಾನು ನಗುವುದಿಲ್ಲ. ಕಥೆ ಟೆಟ್ರಿಸ್‌ನಲ್ಲಿರಲಿಲ್ಲ, ಸರಿ; ನೋಡುವವರ ತಲೆಯಲ್ಲಿತ್ತು, ಅದು ಯಾವಾಗಲೂ ಇರುವುದೂ ಅಲ್ಲೇ.

ಕಥೆಗೆ ಇನ್ನೊಂದು ಉಪಯೋಗವಿದೆ, ಅದನ್ನು ಎರಡೂ ಪಕ್ಷದವರು ಮರೆಯುತ್ತಾರೆ: ನಿಯಮ ಕಲಿಸುವುದು. ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1960ರ ದಶಕದಲ್ಲಿ ರೂಪಿಸಿದ ನಾಲ್ಕು ಕಾರ್ಡಿನ ಒಗಟು ಪ್ರಸಿದ್ಧ. ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದರಲ್ಲಿ ಸಂಖ್ಯೆ. ಒಂದು ಬದಿಯಲ್ಲಿ ಸ್ವರಾಕ್ಷರವಿದ್ದರೆ ಇನ್ನೊಂದರಲ್ಲಿ ಸಮಸಂಖ್ಯೆ ಇರಬೇಕು ಎಂಬ ನಿಯಮ ಮುರಿದಿದೆಯೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ಮಗುಚಬೇಕು? ಬುದ್ಧಿವಂತರೂ ಇಲ್ಲಿ ಎಡವುತ್ತಾರೆ. 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಅದೇ ತರ್ಕಕ್ಕೆ ಬೇರೆ ವೇಷ ತೊಡಿಸಿದರು: ನೀವು ಪೊಲೀಸ್, ಬಿಯರ್ ಕುಡಿಯುವವರು 19 ದಾಟಿರಬೇಕು, ಯಾರನ್ನು ತಪಾಸಣೆ ಮಾಡುತ್ತೀರಿ? ಈಗ ಮುಕ್ಕಾಲು ಪಾಲಿನಷ್ಟು ವಿದ್ಯಾರ್ಥಿಗಳು ಸರಿಯಾಗಿ ಬಿಡಿಸಿದರು. ನಮ್ಮ ಆಡು-ಹುಲಿ ಆಟವನ್ನು ಎಂಟು ವರ್ಷದ ಮಗುವಿಗೆ ಕಲಿಸಿ ನೋಡಿ. ಮೂರು ಕಾಯಿ ಒಂದು ಬಗೆ, ಹದಿನೈದು ಇನ್ನೊಂದು ಬಗೆ, ಮೊದಲನೆಯದು ಎರಡನೆಯದರ ಮೇಲೆ ಹಾರಿದರೆ ಅದನ್ನು ತೆಗೆಯಬೇಕು ಎಂದು ಶುರುಮಾಡಿದರೆ ಮಗು ಎದ್ದು ಹೋಗುತ್ತದೆ. ಹುಲಿ ಹಾರಿ ಆಡನ್ನು ತಿನ್ನುತ್ತದೆ, ಆಡುಗಳೆಲ್ಲ ಒಟ್ಟಾಗಿ ಹುಲಿಯನ್ನು ಕಟ್ಟಿಹಾಕಬೇಕು ಎಂದರೆ ಕಲಿಸಲು ಇನ್ನೇನೂ ಉಳಿಯುವುದಿಲ್ಲ. ಅದು ಒಂದೂವರೆ ಸಾಲಿನ ಕಥೆ. ಆದರೂ ಇಡೀ ಆಟದ ನಿಯಮವನ್ನು ಹೊರುತ್ತದೆ.

ಹಾಗಾದರೆ ಕಥೆಯ ಕೊರತೆಯೇನು? ಅದು ಘಟನೆಯ ನೆನಪಿಗೆ ಸೇರುವ ಸರಕು, ಒಂದೇ ಸಲಕ್ಕೆ ದಾಖಲಾಗುತ್ತದೆ. ಕೊಲೆಗಾರ ಯಾರೆಂದು ಒಮ್ಮೆ ಗೊತ್ತಾದರೆ ಮುಗಿಯಿತು. ನೆಗೆತವನ್ನು ಸಾವಿರ ಸಲ ನೆಗೆದರೂ ಸಾವಿರದೊಂದನೆಯದು ಇನ್ನಷ್ಟು ಚೆನ್ನಾಗಿರಬಹುದು. ಸೋತು ಮತ್ತೆ ಆ ಹಂತಕ್ಕೆ ಬಂದಾಗ ಅದೇ ಸಂಭಾಷಣೆ ಎರಡನೇ ಸಲ ಕೇಳಬೇಕಾಗಿ ಬಂದರೆ ಸಿಟ್ಟು ಬರುವುದು ಆಟಗಾರನ ಅರಸಿಕತನದಿಂದಲ್ಲ. ಸ್ಕಿಪ್ ಬಟನ್ ಇಡದ ಗೇಮಿನ ಲೇಖಕರಿಗೆ ತಮ್ಮ ಬರಹದ ಮೇಲಿನ ಮೋಹ ಹೆಚ್ಚಾಗಿದೆ ಎಂದೇ ನನ್ನ ತೀರ್ಪು.

ಬರೆದ ಕಥೆಯೇ ಇಲ್ಲದ ಗೇಮಿನಲ್ಲೂ ಕಥೆ ಹೊರಡುವುದು ನಮ್ಮೂರುಗಳಲ್ಲೇ ಕೇಳಸಿಗುತ್ತದೆ. ಬಿಜಿಎಂಐ ಎಂಬ ಮೊಬೈಲಿನ ಬಂದೂಕಿನ ಗೇಮ್ ಆಡಿದ ಕಾಲೇಜು ಹುಡುಗರ ಪಕ್ಕ ಬಸ್ಸಿನಲ್ಲಿ ಕೂತು ಕಿವಿಗೊಡಿ. ನೂರು ಜನ ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಒಂದು ತಂಡ ಉಳಿಯುತ್ತದೆ. ಗೇಮ್ ಕೊಡುವ ಕಥೆ ಅಷ್ಟೇ. ‘ಲಾಸ್ಟ್ ಸರ್ಕಲ್ ಮಗಾ, ನನ್ ಹತ್ರ ಬುಲೆಟ್ಟೇ ಇಲ್ಲ, ಇವ್ನು ನೋಡಿದ್ರೆ ಹುಲ್ಲಲ್ಲಿ ಮಲ್ಗಿದಾನೆ’ ಎಂದು ಶುರುವಾಗುವುದನ್ನು ಯಾವ ಸ್ಟುಡಿಯೋದವರೂ ಬರೆದುಕೊಟ್ಟಿಲ್ಲ. ಬೆರಳು ಮಾಡಿದ್ದು ನಾಲಿಗೆಗೆ ಬಂದಾಗ ಕಥೆಯಾಯಿತು.

ಎರಡೂ ಒಂದಕ್ಕೊಂದು ಅಡ್ಡಬರುವುದೂ ಉಂಟು. 2007ರಲ್ಲಿ ‘ಬಯೋಶಾಕ್’ ಎಂಬ ಗೇಮ್ ಬಂದಾಗ ಗೇಮ್ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ ಒಂದು ಆಕ್ಷೇಪ ಎತ್ತಿದರು: ಆಟದ ನಿಯಮಗಳು ಸ್ವಾರ್ಥವನ್ನು ಹಿಡಿಯುವ ಇಲ್ಲವೇ ಬಿಡುವ ಆಯ್ಕೆ ಕೊಡುತ್ತವೆ, ಕಥೆ ಮಾತ್ರ ಬೇರೊಬ್ಬನಿಗೆ ನೆರವಾಗಲೇಬೇಕೆಂದು ಕಟ್ಟಿಹಾಕುತ್ತದೆ. ಕೈ ಒಂದು ಕಡೆ, ಮಾತು ಇನ್ನೊಂದು ಕಡೆ. ಮಾತಿನಲ್ಲಿ ಮೃದು ಹೃದಯಿಯಾದ ನಾಯಕ ಬಟನ್ ಒತ್ತಿದೊಡನೆ ನೂರು ಜನರನ್ನು ಕೊಲ್ಲುವ ಗೇಮುಗಳು ಇಂದಿಗೂ ಧಾರಾಳವಾಗಿ ಬರುತ್ತಿವೆ.

ಕೈಯನ್ನೂ ಮಾತನ್ನೂ ಒಂದೇ ಕಡೆಗೆ ಎಳೆದದ್ದಕ್ಕೆ ನಾನು ಕೊಡುವ ಉದಾಹರಣೆ 2013ರ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’. ಸ್ವೀಡನ್ನಿನಲ್ಲಿ ತಯಾರಾದದ್ದು, ನಿರ್ದೇಶಕ ಯೋಸೆಫ್ ಫಾರೆಸ್. ಮುಂದಿನ ಸಾಲುಗಳಲ್ಲಿ ಅದರ ಕೊನೆ ಬಯಲಾಗುತ್ತದೆ, ಆಡುವ ಆಸೆಯಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಕಾಯಿಲೆಬಿದ್ದ ತಂದೆಗೆ ಜೀವಜಲ ತರಲು ಅಣ್ಣತಮ್ಮ ಹೊರಡುತ್ತಾರೆ. ಕಂಟ್ರೋಲರಿನ ಎಡಗೈ ಭಾಗ ಅಣ್ಣನದು, ಬಲಗೈ ಭಾಗ ತಮ್ಮನದು. ಒಬ್ಬರೇ ಇಬ್ಬರನ್ನೂ ಆಡಿಸಬೇಕು. ಮೊದಮೊದಲು ಕೈ ತಡವರಿಸುತ್ತದೆ, ಇಬ್ಬರೂ ಒಂದೊಂದು ಗೋಡೆಗೆ ಬಡಿಯುತ್ತಾರೆ. ಆಡುತ್ತಾ ಎಡಗೈ ಎಂದರೆ ಅಣ್ಣ ಎಂಬುದು ಮೊಲೈಸನ್ ನಕ್ಷತ್ರದ ಹಾಗೆ ಸ್ನಾಯುವಿಗೆ ಇಳಿಯುತ್ತದೆ. ತಾಯಿ ನೀರಿನಲ್ಲಿ ಮುಳುಗಿ ಸತ್ತದ್ದರಿಂದ ತಮ್ಮನಿಗೆ ಈಜಲು ಭಯ. ನೀರು ಬಂದಲ್ಲೆಲ್ಲ ಅಣ್ಣನ ಬೆನ್ನು ಹಿಡಿಯಬೇಕು. ಕೊನೆಗೆ ಅಣ್ಣ ಸಾಯುತ್ತಾನೆ. ತಮ್ಮ ಒಬ್ಬನೇ ಜೀವಜಲದೊಂದಿಗೆ ಮರಳುವಾಗ ದಾರಿಯಲ್ಲಿ ನೀರು ಅಡ್ಡಬರುತ್ತದೆ. ಬಲಗೈ ಬಟನ್ ಒತ್ತಿದರೆ ಅವನು ಹಿಂಜರಿಯುತ್ತಾನೆ. ಪರದೆ ಏನೂ ಹೇಳಿಕೊಡುವುದಿಲ್ಲ. ಅಷ್ಟು ಹೊತ್ತೂ ಸುಮ್ಮನಿದ್ದ ಎಡಗೈ ಬಟನ್ ಒತ್ತಿದಾಗ ತಮ್ಮ ಈಜುತ್ತಾನೆ.

ಇದನ್ನು ಯೂಟ್ಯೂಬಿನಲ್ಲಿ ನೋಡಿದವರಿಗೆ ಕಾಣುವುದು ಹೆದರಿಕೆ ಬಿಟ್ಟು ಈಜುವ ಒಬ್ಬ ಹುಡುಗ. ಎಡಗೈಗೆ ಏನಾಯಿತು ಎಂಬುದು ಆಡಿದವರಿಗೆ ಮಾತ್ರ ಗೊತ್ತು, ಏಕೆಂದರೆ ಆ ಕಥೆಯನ್ನು ಬರೆದಿಟ್ಟದ್ದು ಕಲಿತ ಬೆರಳಿನಲ್ಲಿ. 2024ರಲ್ಲಿ ಈ ಗೇಮನ್ನು ಹೊಸದಾಗಿ ಮಾಡಿ ಬಿಟ್ಟಾಗ ಇಬ್ಬರು ಕೂತು ಒಬ್ಬೊಬ್ಬರು ಒಬ್ಬೊಬ್ಬ ಅಣ್ಣತಮ್ಮನನ್ನು ಆಡಿಸುವ ಸೌಲಭ್ಯವನ್ನೂ ಸೇರಿಸಿದರು. ಮನೆಯಲ್ಲಿ ಇಬ್ಬರಿದ್ದರೆ ಅದು ಖುಷಿಯದೇ. ಆದರೆ ಮೊದಲ ಸಲವಂತೂ ಒಬ್ಬರೇ ಆಡಿ, ಎರಡೂ ಕೈಯಲ್ಲಿ.