ಪದ ಪರಿಚಯ: ಎಂಟ್ರಿ ಟೈಮ್

ಈಜು ಸ್ಪರ್ಧೆಗೆ ಹೆಸರು ಕೊಡುವಾಗ ಪ್ರತಿ ಈವೆಂಟಿನ ಎದುರು ಬರೆಯುವ ಸಮಯವೇ ಎಂಟ್ರಿ ಟೈಮ್. ಅದೇ ದೂರ, ಅದೇ ಶೈಲಿಯಲ್ಲಿ ಈಜುಗಾರ ಇತ್ತೀಚೆಗೆ ಮಾಡಿದ ಅತ್ಯುತ್ತಮ ಸಮಯ ಅದು. ಪುಣೆಯಲ್ಲಿ ಫಾರ್ಮ್ ಮರಾಠಿಯಲ್ಲಿದ್ದರೆ ‘ವೇಳ’ ಎಂಬ ಅಂಕಣ ನೋಡಿ. ಜನ್ಮ ದಾಖಲೆ, ಫೋಟೊ ಎಲ್ಲ ಜೋಡಿಸಿ ಈ ಅಂಕಣವನ್ನು ಖಾಲಿ ಬಿಡುವ ಪಾಲಕರು ಬಹಳ. ಮಗು ಯಾವ ಹೀಟ್‌ನಲ್ಲಿ (ಒಟ್ಟಿಗೆ ಈಜುವ ಗುಂಪು), ಯಾವ ಲೇನ್‌ನಲ್ಲಿ ಈಜಬೇಕೆಂದು ಗೊತ್ತಾಗುವುದು ಇದರಿಂದಲೇ.

ಎಂಟು ಲೇನ್‌ಗಳ ಕೊಳದಲ್ಲಿ ಹೀಟ್‌ನ ಅತಿ ವೇಗದವರಿಗೆ 4ನೇ ಲೇನ್. ನಂತರದವರಿಗೆ ಕ್ರಮವಾಗಿ 5, 3, 6, 2, 7, 1, 8. ಸಮಬಲದವರು ನಡುವೆ ಅಕ್ಕಪಕ್ಕ ಇರಲಿ ಎಂಬುದು ಉದ್ದೇಶ. ಹೀಟ್‌ಗೆ ಕನಿಷ್ಠ ಮೂವರನ್ನು ಹಾಕಬೇಕೆಂಬ ನಿಯಮವಿರುವುದರಿಂದ 17 ಜನ ಬಂದರೆ 8, 8, 1 ಎಂದು ಹಂಚುವಂತಿಲ್ಲ. 8, 6, 3 ಮಾಡಬೇಕು. ಬೇರೆ ಫೈನಲ್ ಇಲ್ಲದೆ ಹೀಟ್ ಸಮಯದಿಂದಲೇ ಸ್ಥಾನ ತೀರ್ಮಾನಿಸುವ ‘ಟೈಮ್ಡ್ ಫೈನಲ್’ನಲ್ಲಿ ಸಾಮಾನ್ಯವಾಗಿ ನಿಧಾನದವರು ಮೊದಲು, ವೇಗದವರು ಕೊನೆಗೆ. ಫೈನಲ್ ಇದ್ದರೆ ಲೆಕ್ಕ ಬೇರೆ: ಮೂರು ಹೀಟ್‌ಗಳಾದರೆ ವೇಗದಲ್ಲಿ ಮೊದಲನೆಯವರು ಮೂರನೇ ಹೀಟ್‌ಗೆ, ಎರಡನೆಯವರು ಎರಡನೆಯದಕ್ಕೆ, ಮೂರನೆಯವರು ಮೊದಲನೆಯದಕ್ಕೆ, ನಾಲ್ಕನೆಯವರು ಮತ್ತೆ ಮೂರಕ್ಕೆ.

ಖಾಲಿ ಬಿಟ್ಟ ಅಂಕಣ ‘ಎನ್‌ಟಿ’, ಅಂದರೆ ನೋ ಟೈಮ್ ಆಗುತ್ತದೆ. ಅಂಥವರು ಪಟ್ಟಿಯ ಕೊನೆಗೆ, ಅಂದರೆ ಅತಿ ನಿಧಾನದವರ ಜೊತೆಗೆ ಹೋಗುತ್ತಾರೆ. ಚೆನ್ನಾಗಿ ಈಜುವ ಹುಡುಗಿ ಮೊದಲ ಹೀಟ್‌ನಲ್ಲಿ ಜೊತೆಗೆ ಪೈಪೋಟಿಯೇ ಇಲ್ಲದೆ ಈಜಬೇಕಾಗುತ್ತದೆ. ಸುಳ್ಳು ವೇಗ ಬರೆಯುವುದು ಇನ್ನೂ ಕೆಟ್ಟದ್ದು: ಕೊನೆಯ ಹೀಟ್‌ನಲ್ಲಿ ಮಗು ಎಲ್ಲರಿಗಿಂತ ಹಿಂದೆ ಉಳಿಯುತ್ತದೆ, ಅಲ್ಲಿ ಈಜಬೇಕಾದವರೊಬ್ಬರಿಗೆ ಜಾಗ ತಪ್ಪುತ್ತದೆ. ಸಮಯ ಗೊತ್ತಿಲ್ಲದಿದ್ದರೆ ಕೋಚ್ ಹತ್ತಿರ ಒಮ್ಮೆ ಸ್ಟಾಪ್‌ವಾಚ್ ಹಿಡಿಸಿ, ಬಂದದ್ದನ್ನೇ ಬರೆಯಿರಿ.

ಕೊಳದ ಉದ್ದವನ್ನು ಮರೆಯಬೇಡಿ. 1994ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಪುಣೆಯ ಬಾಲೇವಾಡಿಯಲ್ಲಿರುವುದು 50 ಮೀಟರ್ ಕೊಳ. ಅಲ್ಲಿ 100 ಮೀಟರ್‌ಗೆ ಒಂದೇ ಟರ್ನ್ (ಗೋಡೆಯ ಬಳಿ ತಿರುಗುವುದು). 25 ಮೀಟರ್ ಕೊಳದಲ್ಲಾದರೆ ಮೂರು. ಪ್ರತಿ ಟರ್ನ್‌ಗೂ ಗೋಡೆ ಒದ್ದು ಸಿಗುವ ವೇಗದಿಂದ ಚಿಕ್ಕ ಕೊಳದ ಸಮಯ ಕಡಿಮೆ ಬರುತ್ತದೆ. ಸಮಯದ ಪಕ್ಕದಲ್ಲಿ ಯಾವ ಕೊಳದ್ದೆಂದು ಬರೆದುಕೊಟ್ಟರೆ ಸಂಘಟಕರು ಹೊಂದಿಸಿಕೊಳ್ಳಬಹುದು. ವಸತಿ ಸೊಸೈಟಿಯ 18 ಮೀಟರ್ ಕೊಳದ ಸಮಯವಂತೂ ಲೆಕ್ಕಕ್ಕೆ ಬರುವುದಿಲ್ಲ.

ಬರೆಯುವ ರೀತಿ: 1:08.45, ಅಂದರೆ 1 ನಿಮಿಷ 8.45 ಸೆಕೆಂಡ್. ಎಕ್ಸೆಲ್‌ನಲ್ಲಿ 1:08 ಎಂದಷ್ಟೇ ಹೊಡೆದರೆ ಅದು ಒಂದು ಗಂಟೆ ಎಂಟು ನಿಮಿಷ ಎಂದುಕೊಳ್ಳುತ್ತದೆ. ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿಡಿ. ಇಡೀ ದಿನದ ವೇಳಾಪಟ್ಟಿಯೂ ಈ ಅಂಕಿಗಳಿಂದಲೇ ತಯಾರಾಗುತ್ತದೆ: ಪ್ರತಿ ಹೀಟ್‌ನ ಅತಿ ನಿಧಾನದ ಸಮಯಕ್ಕೆ ಸುಮಾರು 30–40 ಸೆಕೆಂಡ್ ಸೇರಿಸಿ ಕೂಡುತ್ತಾರೆ. ಎನ್‌ಟಿಗಳು ಹೆಚ್ಚಿದಷ್ಟೂ ಈ ಅಂದಾಜು ತಪ್ಪುತ್ತದೆ, ಸಂಜೆಯ ಈವೆಂಟುಗಳು ಕತ್ತಲಿಗೆ ಜಾರುತ್ತವೆ.

ಹೀಟ್ ಶೀಟ್ (ಯಾರು ಯಾವ ಹೀಟ್, ಯಾವ ಲೇನ್ ಎಂಬ ಪಟ್ಟಿ) ಬಂದ ಕೂಡಲೇ ಹೆಸರು, ವಯೋಗುಂಪು, ಸಮಯ ಮೂರನ್ನೂ ನೋಡಿ, ತಪ್ಪಿದ್ದರೆ ಗಡುವಿನೊಳಗೆ ತಿಳಿಸಿ. ಸ್ಪರ್ಧೆಯ ದಿನ ಬೆಳಿಗ್ಗೆ ಹೇಳಿದರೆ ಹೀಟ್‌ಗಳನ್ನು ಮತ್ತೆ ಕಟ್ಟಲು ಪುರುಸೊತ್ತಿರುವುದಿಲ್ಲ.